ಕುಂದ್ರು ಅಂದರೆ ಎಷ್ಟು ಡಿಗ್ರಿ

ಜನವರಿ 9, 2006, ಸೋಮವಾರ

ಕೊಡುತ್ತೇವೆ ಅಂದದ್ದು: ಸಂಡೂರು ಸುತ್ತಿನ ಗಣಿಗಳಲ್ಲಿ ಲಾರಿಗೆ, ಅದಿರು ಸಾಗಿಸುವ ಬೆಲ್ಟಿಗೆ ಸಿಕ್ಕು ತೊಡೆಯಿಂದ ಕೆಳಗೆ ಕಾಲು ಕಳಕೊಂಡ ಮೂವತ್ನಾಲ್ಕು ಮಂದಿಗೆ ಮೊಣಕಾಲು ಮಡಚುವ ಕೃತಕ ಕಾಲು. ಅಳತೆಗೆ, ರಿಪೇರಿಗೆ ಮನೆ ಬಾಗಿಲಿಗೆ ಜೀಪು. ಕಾಲು ಬಂದ ಮೇಲೆ ‘ಕುಳಿತು ಕೆಲಸ ಮಾಡಬಲ್ಲ’ ಪ್ರತಿಯೊಬ್ಬರಿಗೂ ಅದಿರು ಆರಿಸುವ ಕೆಲಸ ವಾಪಸ್. ಗಣಿ ಕಂಟ್ರಾಕ್ಟರ್ ಇಷ್ಟನ್ನೂ ಬರೆದು, ಸಹಿ ಮಾಡಿ, ಕಾರ್ಮಿಕ ಸಂಘದ ಅಂಜಿನಯ್ಯನ ಕೈಗೆ ಕೊಟ್ಟಿದ್ದಾನೆ.

ಸಹಿ ಆದ ಮೇಲೆ ಇಲ್ಲ ಅಂದದ್ದು: ಜೀಪು. ಕಾಲು ಬರುವ ತನಕ ರೇಷನ್ನು. ಜನ ಕೆಲಸ ಮಾಡುವ ಜಾಗ ನೋಡಿ ಬರ್ತೀನಿ ಅಂತ ನಾನು ಹಾಕಿದ ಅರ್ಜಿ. ‘ಡಿಸೈನ್ ಮಾಡೋರಿಗೆ ಗಣಿ ಯಾಕ?’ ಅಂತ ಅದರ ಮೇಲೇ ಬರೆದು ಕಳಿಸಿದರು.

ಕಾಲು ಮಾಡುವ ಕೆಲಸ ಹೊಸಪೇಟೆಯ ನಮ್ಮ ಕಾರ್ಖಾನೆಗೆ ಬಂತು. ಪುಣೆಯಲ್ಲಿ ಹನ್ನೊಂದು ವರ್ಷ ಆಸ್ಪತ್ರೆ ಯಂತ್ರಗಳಿಗೆ ಬೇರೆಯವರು ಎಳೆದ ಗೆರೆ ತಿದ್ದಿದವಳು ನಾನು. ಈಗ ಮೊದಲ ಸಲ ಡ್ರಾಯಿಂಗಿನ ಮೂಲೆಯಲ್ಲಿ ‘ಡಿಸೈನ್: ಹೆಚ್. ಅನ್ನಪೂರ್ಣ, ಸೀನಿಯರ್ ಇಂಜಿನಿಯರ್’ ಅಂತಿದೆ. ಖುಷಿ ಯಾಕೆ ಮುಚ್ಚಿಡಲಿ?

ಬೇಡಿಕೆ ಪಟ್ಟಿ ಮಾಡಿದವಳೂ ನಾನೇ. ಸಂಘದವರು ಮೂವತ್ನಾಲ್ಕು ಬಳಕೆದಾರರ ಮಾತನ್ನು ಕ್ಯಾಸೆಟ್ಟಿನಲ್ಲಿ ತುಂಬಿ ಕಳಿಸಿದ್ದರು. ಅದನ್ನು ಕೇಳಿ ಇಂಗ್ಲಿಷಿಗೆ ಇಳಿಸಿದೆ. ಮೂವತ್ತೊಂದು ಮಂದಿಯದು ಒಂದೇ ಮಾತು: ನಡ್ಯಾಕ ಬರಬೇಕು, ಕುಂದ್ರಾಕ ಬರಬೇಕು. ನಡೆಯೋದು ವಾಕಿಂಗ್, ಕುಂದ್ರೋದು ಸಿಟ್ಟಿಂಗ್. ಸಿಟ್ಟಿಂಗಿಗೆ ತೊಂಬತ್ತು ಡಿಗ್ರಿ ಮಡಚಿದರೆ ಸಾಕು. ನಾನು ಉದಾರಿ, ನೂರು ಕೊಟ್ಟೆ.

ಲಕ್ಷ ಸಲ ಮಡಚುವ ಪರೀಕ್ಷೆ ಇವತ್ತು ಮಧ್ಯಾಹ್ನ ಮುಗಿಯಿತು. ಒಂದು ಕೂದಲೆಳೆ ಬಿರುಕಿಲ್ಲ. ಲೇತಿನ ಲಿಂಗರಾಜ್ ಮಂಡಕ್ಕಿ, ಮಿರ್ಚಿ ತಂದ. “ನಮ್ ಬುಕ್ಕಸಾಗರದ ಎತ್ತಿಗೂ ಇಂಥ ಮೊಣಕಾಲಿಲ್ಲ ಬಿಡ್ರಿ ಮೇಡಂ” ಅಂದ.

ಜನವರಿ 12, ಗುರುವಾರ

ಮುಂಬೈಯಿಂದ ಗುಣಮಟ್ಟ ತಪಾಸಣೆಯವರು ಬಂದರು. ಹಂಪಿಯಲ್ಲಿ ಐದು ತಾಸು, ನಮ್ಮ ಪರೀಕ್ಷೆ ಮೆಶಿನ್ನಿನ ಮುಂದೆ ಇಪ್ಪತ್ತು ನಿಮಿಷ. ಮುರಿದ ಕಲ್ಲಿನ ಕಾಲಿಗೆ ಇರುವ ಮರ್ಯಾದೆ ಮುರಿದ ಮನುಷ್ಯರ ಕಾಲಿಗಿಲ್ಲ ಈ ಊರಲ್ಲಿ.

ಆದರೂ ಪಾಸು. ಮಾಲೀಕ ಹಾಲಸ್ವಾಮಿಯವರು ಸೇಂಗಾ ಹೋಳಿಗೆ ಹಂಚಿದರು. ಕಂಪ್ಲಿಯಲ್ಲಿ ಮೂರು ತಲೆಮಾರು ಅಕ್ಕಿ ಗಿರಣಿ ನಡೆಸಿದ ಮನೆತನ. ಕಾಲು ಮಾಡ್ತೀನಿ ಅಂತ ಇಲ್ಲಿ ಬಂದು ಕುಂತಿದ್ದಾರೆ, ಒಳ್ಳೆಯ ಮನುಷ್ಯ. ಮಾರ್ಚ್ ಹದಿನೈದಕ್ಕೆ ಸಮಾರಂಭ, ಮೂವತ್ನಾಲ್ಕು ಕಾಲೂ ಒಂದೇ ವೇದಿಕೆಯಲ್ಲಿ. ಪೆಂಡಾಲಿನವನಿಗೆ ಆಗಲೇ ಹೇಳಿಯಾಗಿದೆ.

ಮಾದರಿ ಕಾಲು ಆರು ತಯಾರಿವೆ. ತೊಡಿಸಿ ನೋಡದೆ ಡ್ರಾಯಿಂಗಿಗೆ ಕೊನೆಯ ಸಹಿ ಹಾಕಲ್ಲ ಅಂದೆ. ಗಣಿಯೊಳಗೆ ಬಿಡದಿದ್ದರೆ ಬ್ಯಾಡ, ಯಶವಂತನಗರದಲ್ಲಿ ಸಂಘದ ಆಫೀಸಿದೆಯಲ್ಲ.

ಜನವರಿ 18, ಬುಧವಾರ

ಬರೆಯಲು ಕೈ ಬರುತ್ತಿಲ್ಲ. ಬರೆಯದಿದ್ದರೆ ನಾಳೆ ಇದನ್ನು ಬೇರೆ ಥರ ನೆನಪಿಟ್ಟುಕೊಳ್ಳುತ್ತೇನೆ. ಅದಕ್ಕೇ ಬರೀತೀನಿ.

ಅದಿರಿನ ಲಾರಿಗಳ ಹಿಂದೆ ಎರಡೂವರೆ ತಾಸು. ಇಳಿದಾಗ ನನ್ನ ಬಿಳಿ ಸೀರೆ ಕುಂಕುಮದ ನೀರಲ್ಲಿ ಅದ್ದಿದ ಹಾಗಿತ್ತು. ಅಂಜಿನಯ್ಯ ಆಫೀಸಿನ ಒಂದೇ ಕುರ್ಚಿಯನ್ನು ಅಂಗಳಕ್ಕೆ ತಂದಿಟ್ಟ. ಬಳಕೆದಾರ ಸಂಖ್ಯೆ 17, ದುರುಗವ್ವ, ವಯಸ್ಸು ನಲವತ್ತೆಂಟು. ಅದಿರು ಒಡೆದು ಆರಿಸುವ ಕೆಲಸ ಮಾಡುತ್ತಿದ್ದಳು. ಹಿಂದಕ್ಕೆ ಬರುತ್ತಿದ್ದ ಟಿಪ್ಪರ್ ಹರಿದು ಎಡಗಾಲು ಹೋಯಿತು. ಕಾಲು ತೊಡಿಸಿದೆ. ಒಂದಿಷ್ಟು ನಡೆದಳು. ಕುರ್ಚಿಯಲ್ಲಿ ಕೂಡಿಸಿ ಕೋನ ಅಳೆದೆ. ತೊಂಬತ್ತೆರಡು ಡಿಗ್ರಿ. ಹಾಳೆಯಲ್ಲಿ ‘ತೃಪ್ತಿಕರ’ ಅಂತ ಬರೆಯುತ್ತಿದ್ದೆ.

“ಮೇಡಮ್ಮಾರ, ಒಂದ್ ಮಾತು ಕೇಳ್ಲೇನ್ರಿ?”

“ಕೇಳವ್ವ.”

“ಕುರ್ಚಿ ಮ್ಯಾಲ ಕುಂದ್ರಾಕ ಕಾಲು ಯಾಕ ಬೇಕ್ರಿ? ವರ್ಸದಿಂದ ಕಾಲಿಲ್ದನ ಕುಂತೀನಿ.”

ಸುತ್ತ ನಿಂತವರೆಲ್ಲ ಹೋ ಅಂತ ನಕ್ಕರು. ನಾನೂ ನಕ್ಕೆ, ತಿಳಿಯದೆ. “ಕುಂದ್ರಾಕ ಬರಬೇಕು ಅಂತ ಕ್ಯಾಸೆಟ್ಟಲ್ಲಿ ನೀವೇ ಹೇಳೀರಲ್ಲ?”

“ಹೂನ್ರಿ, ಹೇಳೀವಿ. ಕುಂದ್ರಾದು ಅಂದ್ರ ನೆಲದ ಮ್ಯಾಲ. ರಾಶಿ ಮುಂದ, ಕಾಲು ಮಡಚಿಕ್ಯಂಡು. ಕುರ್ಚಿ ಮ್ಯಾಲ ಏರಾದು ಕುಂದ್ರಾದೇನ್ರಿ? ಅದು ಸಾವ್ಕಾರ್ಕಿ.”

ಆಮೇಲೆ ಆಕೆ ನೆಲಕ್ಕೆ ಇಳಿದು ತೋರಿಸಿದಳು. ನನ್ನ ಮೊಣಕಾಲು ನೂರು ಡಿಗ್ರಿಗೆ ಟಕ್ ಅಂತ ನಿಂತಿತು. ಕಾಲು ಮುಂದಕ್ಕೆ ಚಾಚಿಕೊಂಡೇ ಉಳಿಯಿತು, ಗಾಡಿಯ ಮೂಕಿಯ ಹಾಗೆ. ಆ ಕಾಲು ಇಟ್ಟುಕೊಂಡು ಅದಿರಿನ ರಾಶಿಯ ಹತ್ತಿರಕ್ಕೂ ಹೋಗಲು ಆಗಲ್ಲ. ಕಂಟ್ರಾಕ್ಟರನ ಕಾಗದದಲ್ಲಿ ‘ಕುಳಿತು ಕೆಲಸ ಮಾಡಬಲ್ಲವರಿಗೆ’ ಅಂತಿದೆ. ನಾಳೆ ಅವನು ಕೇಳುತ್ತಾನೆ: ಎಲ್ಲಿ, ಕುಂದ್ರು ನೋಡೋಣ? ಕುಂದ್ರಲು ಬರಲ್ಲ. ಕೆಲಸ ಇಲ್ಲ. ಮಾತು ತಪ್ಪಿದ ಹೆಸರು ಅವನಿಗಲ್ಲ, ನನ್ನ ಕಾಲಿಗೆ.

ಪಾಪಿನಾಯಕನಹಳ್ಳಿಯಲ್ಲಿ ನೆಲದ ಮೇಲೆ ಉಂಡು, ನೆಲದ ಮೇಲೆ ಓದಿ ಬೆಳೆದವಳು ನಾನು. ಹೊಲದಲ್ಲಿ ಕುಂತೇ ಕಳೆ ಕಿತ್ತವಳು. ಸಿಟ್ಟಿಂಗ್ ಅಂತ ಟೈಪು ಮಾಡುವಾಗ ನನ್ನ ತಲೆಯೊಳಗೆ ಆ ಕುರ್ಚಿ ತಂದಿಟ್ಟವರು ಯಾರು?

ಜನವರಿ 19, ಗುರುವಾರ

ನೂರೈವತ್ತೈದು ಡಿಗ್ರಿ ಬೇಕು. ನಮ್ಮಲ್ಲಿರೋದು ನೂರು.

ಫೆಬ್ರವರಿ 3, ಶುಕ್ರವಾರ

ಎರಡು ವಾರ ಬರೆಯಲಿಲ್ಲ, ಬರೆಯಲು ಪುರುಸೊತ್ತಿರಲಿಲ್ಲ. ಇಷ್ಟು ಸುಖವಾಗಿ ಕೆಲಸ ಮಾಡಿ ಎಷ್ಟು ವರ್ಷವಾಯಿತೋ.

ಕೆಲಸ ಸಣ್ಣದಲ್ಲ. ನೂರರ ಮೇಲೆ ಮಡಚಿದರೆ ಮೀನಖಂಡದ ಭಾಗ ತೊಡೆಯ ತುದಿ ಕೂರುವ ಬಟ್ಟಲಿಗೆ ಬಡಿಯುತ್ತದೆ. ಬಟ್ಟಲ ಹಿಂಭಾಗ ತಗ್ಗಿಸಿದೆ. ಮೊಣಕಾಲಿನೊಳಗಿನ ನಾಲ್ಕು ಕೊಂಡಿಗಳ ಉದ್ದ ಬದಲಿಸಿದೆ, ಮಡಚಿದಷ್ಟೂ ಕೀಲು ಹಿಂದಕ್ಕೆ ಸರಿಯಬೇಕು. ಮೂವತ್ತೆಂಟು ಲೆಕ್ಕ ಹರಿದು ಹಾಕಿ ಮೂವತ್ತೊಂಬತ್ತನೆಯದರಲ್ಲಿ ನೂರೈವತ್ತೆಂಟು ಸಿಕ್ಕಿತು. ಒಬ್ಬಳೇ ಚಪ್ಪಾಳೆ ಹೊಡೆದೆ.

ಎಣ್ಣೆಯ ವಿಷಯ ಹೇಳಿದವನು ಲಿಂಗರಾಜ್. ನಡೆದು ನೋಡಲಿ ಅಂತ ಆರೂ ಮಾದರಿ ಕಾಲನ್ನು ಅವತ್ತು ಆರು ಮಂದಿಗೆ ಬಿಟ್ಟು ಬಂದಿದ್ದೆ. ದುರುಗವ್ವ ಹದಿನೈದು ದಿನ ಹಾಕಿಕೊಂಡದ್ದನ್ನು ತರಿಸಿ ಬಿಚ್ಚಿದೆವು. ಕೀಲಿನೊಳಗೆ ಕೆಂಪು ರಾಡಿ.

“ನೋಡ್ರಿಲ್ಲಿ. ಎಣ್ಣಿ ಹಾಕೀರಿ, ಧೂಳು ಕಚ್ಚೇತಿ. ಇದು ಕೀಲಲ್ಲ ಮೇಡಂ, ಅರಿಯೋ ಕಲ್ಲು. ಆರು ತಿಂಗಳಿಗೆ ಪಿನ್ನು ಖಲಾಸ್.”

“ಮತ್ತೇನು ಮಾಡೋಣ?”

“ಎಣ್ಣಿನ ಬ್ಯಾಡ. ಪಿನ್ನಿನ ಸುತ್ತ ನೈಲಾನ್ ಬುಶ್ ಹಾಕ್ರಿ, ಒಣಾ. ಸಂಜಿಕ ಕಾಲು ತೊಳಿವಾಗ ಅದನ್ನೂ ತೊಳೀಲಿ. ಎಮ್ಮಿ ಮೈ ತೊಳದಂಗ.”

ಎ.ಸಿ. ಹಾಕಿದ ಕೋಣೆಯಲ್ಲಿ ಲಕ್ಷ ಸಲ ಮಡಚಿದ ನನ್ನ ಪರೀಕ್ಷೆಗೆ ಒಂದು ಮುಷ್ಟಿ ಸಂಡೂರಿನ ಧೂಳು ಹಾಕಬೇಕು ಅಂತ ಮುಂಬೈಯವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಎಂಟನೇ ಕ್ಲಾಸು ಓದಿದ ಲಿಂಗರಾಜನಿಗೆ ಹೊಳೆಯಿತು. ಡ್ರಾಯಿಂಗಿನ ಮೂಲೆಯಲ್ಲಿ ಅವನ ಹೆಸರೂ ಹಾಕಿದೆ. “ಲೇ, ಯಪ್ಪಾ” ಅಂದ, ಆಮೇಲೆ ನನಗೆ ಲೇ ಅಂದೆನಲ್ಲ ಅಂತ ನಾಲಿಗೆ ಕಚ್ಚಿಕೊಂಡ.

ಫೆಬ್ರವರಿ 14, ಮಂಗಳವಾರ

ವಿನ್ಯಾಸ ಪರಿಶೀಲನೆ ಸಭೆ. ಹೊಸ ಮೊಣಕಾಲು ಮೇಜಿನ ಮೇಲಿಟ್ಟು ಪೂರಾ ಮಡಚಿ ತೋರಿಸಿದೆ. ಹಾಲಸ್ವಾಮಿಯವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಮಗುವಿನ ಹಾಗೆ ಆಡಿಸಿದರು.

“ಭಾಳ ಚಲೋ ಆಗೇತಿ ಮೇಡಮ್ಮಾರೇ. ಇದನ್ನ ಮುಂದಿನ ವರ್ಷ ತರೂಣು. ಈಗ ಹಳೇದು ಕೊಟ್ಟುಬಿಡೂಣು.”

“ಹಳೇದರಲ್ಲಿ ಕುಂದ್ರಲು ಬರಲ್ಲ ಸರ್.”

“ಲಕ್ಷ ಸಲ ಮಡಚಿ ಪಾಸಾಗೇತಲ್ರಿ!”

“ಲಕ್ಷ ಸಲ ತಪ್ಪು ಮಡಚಿದೆ.”

ಮೊಣಕಾಲನ್ನು ಮೇಜಿನ ಮೇಲೆ ವಾಪಸ್ ಇಟ್ಟರು. ಆಮೇಲೆ ಮೆಲ್ಲಗೆ ಅಂದರು: “ಬೇಡಿಕೆ ಪಟ್ಟಿ ಬರದವರು ನೀವ ಅಲ್ಲೇನ್ರಿ? ಅದರಾಗ ನೂರು ಅಂತೈತಿ. ನಾವು ನೂರು ಕೊಟ್ಟೀವಿ.”

ನಿಜ, ಬರೆದವಳು ನಾನೇ. ಮುಚ್ಚಿಕೊಳ್ಳಲಿಲ್ಲ. ತಪ್ಪು ನನ್ನದು, ನಾನೇ ತಿದ್ದುತ್ತೇನೆ ಅಂದೆ. ನಾನು ತಪ್ಪು ಕೇಳಿಸಿಕೊಂಡದ್ದಕ್ಕೆ ಮೂವತ್ನಾಲ್ಕು ಮಂದಿ ಜನ್ಮವೆಲ್ಲ ಕಾಲು ಚಾಚಿಕೊಂಡು ಕುಂದ್ರಬೇಕಾ? ಪಟ್ಟಿಗಿಂತ ಮನುಷ್ಯರು ದೊಡ್ಡವರು. ಈ ಮಾತನ್ನು ಮೇಜು ಗುದ್ದಿ ಹೇಳಿದೆ. ಚಹಾ ಚೆಲ್ಲಿತು. ಕಾಲೇಜಿನಲ್ಲಿ ಬೀದಿನಾಟಕ ಆಡುವಾಗ ಹೀಗೆ ಗುದ್ದುತ್ತಿದ್ದೆ. ಕೈ ಇನ್ನೂ ಮರೆತಿಲ್ಲ.

ಫೆಬ್ರವರಿ 22, ಬುಧವಾರ

ಹೊಸ ಕಾಲು ಯಶವಂತನಗರಕ್ಕೆ ಒಯ್ದೆ. ದುರುಗವ್ವ ಸಂಘದ ಅಂಗಳದಲ್ಲಿ ನೆಲಕ್ಕೆ ಇಳಿದಳು. ಕಾಲು ಮಡಚಿತು, ಪೂರಾ ಮಡಚಿತು, ಹಿಮ್ಮಡಿ ತೊಡೆಯ ಹತ್ತಿರಕ್ಕೆ ಬಂತು. ಆಕೆ ಎರಡೂ ಕೈ ಮಣ್ಣಿನ ಮೇಲೆ ಊರಿದಳು. ಗುಂಡಕಲ್ಲು ತೆಗೆದುಕೊಂಡು ಸುಮ್ಮನೆ ಒಂದು ಹರಳು ಒಡೆದಳು.

“ಕುಂತೆ ನೋಡ್ರಿ” ಅಂದಳು.

ಅಂಜಿನಯ್ಯ ಜೈಕಾರ ಹಾಕಲು ಬಾಯಿ ತೆರೆದ.

“ಜೈ ಆಮ್ಯಾಲ ಅನ್ನೋಲೇ. ಮೊದ್ಲು ಎಬ್ಬಿಸ್ರಿ. ಏಳಾಕ ಬರವಲ್ದು.”

ಏಳಲು ಹೋದಾಗೆಲ್ಲ ಅರ್ಧಕ್ಕೆ ಮೊಣಕಾಲು ಮತ್ತೆ ಮಡಚಿಕೊಳ್ಳುತ್ತಿತ್ತು. ಕುಂದ್ರೋದು ಕಲಿಸಿದ್ದೆ, ಏಳೋದು ಮರೆತಿದ್ದೆ. ಮೂರು ಸಲ ಬಿದ್ದಳು. ಸಾಕು ಬಿಡು ಅಂದೆ. “ನೀವ್ ಸುಮ್ನಿರ್ರಿ” ಅಂತ ನನ್ನ ಮೇಲೇ ರೇಗಿದಳು. ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಬಲಗೈ ಊರಿ, ಬಲಗಾಲಿನ ಕಡೆ ಹೊರಳಿ, ಹುಸಿಗಾಲನ್ನು ಹಿಂದಕ್ಕೆ ಎಳೆದು ಒಂದೇ ಸಲ ನೆಟ್ಟಗೆ ಒದ್ದಳು. ನಿಂತಳು. ಇನ್ನೊಂದು ಸಲ ಮಾಡಕ್ಕಾ, ಮೆಲ್ಲಗೆ ಮಾಡು ಅಂದೆ. ನಾನು ನೆಲದಲ್ಲೇ ಕುಂತು ಒಂದೊಂದು ಭಂಗಿಯದೂ ಚಿತ್ರ ಬರೆದುಕೊಂಡೆ. ಎಂಟು ಸಲ ಎದ್ದು ತೋರಿಸಿದಳು, ಬೈದುಕೊಂತ.

ಕಾಲು ನೆಟ್ಟಗಾದ ಕೂಡಲೇ ತಾನೇ ಕಚ್ಚಿಕೊಳ್ಳುವ ಸಣ್ಣ ಕೊಕ್ಕೆ ಬೇಕು. ಕುಂದ್ರುವಾಗ ಬೆರಳಿಂದ ಬಿಡಿಸಬೇಕು. ವಿನ್ಯಾಸ ನನ್ನದಲ್ಲ, ಆಕೆಯ ಒದೆತದ್ದು. ರೊಟ್ಟಿ, ಪುಂಡಿಪಲ್ಯ ಉಂಡು ಬಂದೆ.

ಮಾರ್ಚ್ 6, ಸೋಮವಾರ

ಕೊಕ್ಕೆ ಹಾಕಿದ ಕಾಲು ತಯಾರು. ಧೂಳು ತುಂಬಿದ ಡಬ್ಬಿಯಲ್ಲೇ ಹಗಲೂ ರಾತ್ರಿ ಮಡಚುತ್ತಿದೆ. ಇನ್ನು ನಾಲ್ಕೇ ದಿನ ಬೇಕು ಅದಕ್ಕೆ.

ಇವತ್ತು ಹಾಲಸ್ವಾಮಿಯವರು ಹಳೆ ಡ್ರಾಯಿಂಗನ್ನು ಸಹಿಗೆ ಕಳಿಸಿದರು. ಸಮಾರಂಭಕ್ಕೆ ಒಂಬತ್ತು ದಿನ. ಕಾರ್ಡು ಅಚ್ಚಾಗಿದೆ. ಮೂಲೆಯ ಆ ಸಣ್ಣ ಚೌಕದಲ್ಲಿ ನನ್ನ ಸಹಿ ಬೀಳದೆ, ಮಾದರಿ ಬಿಟ್ಟರೆ, ಒಂದು ಕಾಲೂ ಕಾರ್ಖಾನೆಯ ಗೇಟು ದಾಟಲ್ಲ. ಇದು ಅವರದೇ ನಿಯಮ, ಗೋಡೆಗೆ ಫ್ರೇಮು ಹಾಕಿ ತೂಗುಹಾಕಿದ್ದಾರೆ.

ಕರೆಸಿದರು. “ಸಹಿ ಮಾಡ್ರಿ ಮೇಡಮ್ಮಾರೇ. ಇಲ್ಲಾಂದ್ರ ನಾ ಬ್ಯಾರೆ ಇಂಜಿನಿಯರ್ ನೋಡಬೇಕಾಗ್ತೈತಿ. ಬ್ಯಾಸರ ಮಾಡಿಕ್ಯಬ್ಯಾಡ್ರಿ.”

“ನೋಡ್ರಿ. ಅವರಿಗೂ ಮೊದಲು ನೆಲದ ಮೇಲೆ ಕುಂದ್ರಲು ಹೇಳ್ರಿ.”

ಹೊರಗೆ ಬಂದೆ. ಅಂಜಿನಯ್ಯನಿಗೆ ಫೋನು ಮಾಡಿ ಇದ್ದದ್ದು ಇದ್ದಂಗೆ ಹೇಳಿದೆ. ಊಟ ಚೆನ್ನಾಗಿ ಹೋಯಿತು.

ಮಾರ್ಚ್ 8, ಬುಧವಾರ

ಬೆಳಿಗ್ಗೆ ಒಂಬತ್ತಕ್ಕೆ ಮೂವತ್ನಾಲ್ಕು ಮಂದಿಯೂ ಗೇಟಿನ ಮುಂದೆ. ಟ್ರ್ಯಾಕ್ಟರಿನಲ್ಲಿ ಬಂದರು. ಘೋಷಣೆ ಇಲ್ಲ, ಬ್ಯಾನರಿಲ್ಲ. ನೆಲದ ಮೇಲೆ ಕುಂತರು. ಐದು ಮಂದಿ ಹಳೆಯ ಮಾದರಿ ಕಾಲು ಹಾಕಿಕೊಂಡಿದ್ದರು, ಐದೂ ಕಾಲು ಗೇಟಿನ ಕಡೆ ಚಾಚಿಕೊಂಡಿದ್ದವು, ತೋಪಿನ ನಳಿಗೆಯ ಹಾಗೆ. ಸಾಲಿನ ನಡುವೆ ದುರುಗಕ್ಕ ಒಬ್ಬಾಕಿಯೇ ಹೊಸ ಕಾಲು ಮಡಚಿ ಕುಂತಿದ್ದಳು. ಲಾರಿ ಒಳಗೆ ಬರುವಂತಿಲ್ಲ, ಹೊರಗೆ ಹೋಗುವಂತಿಲ್ಲ. ಲಿಂಗರಾಜ್ ಲೇತು ನಿಲ್ಲಿಸಿ ಅವರ ಪಕ್ಕ ಹೋಗಿ ಕುಂತ. ನಾನೂ ಕುಂತೆ. ಬಿಸಿಲು ಚುರುಕಿತ್ತು.

ಹಾಲಸ್ವಾಮಿಯವರು ಕೈ ಮುಗಿಯುತ್ತಾ ಬಂದರು. “ಬರ್ರೆವ್ವಾ, ಒಳಗ ಬರ್ರಿ. ಕುಂದ್ರಿ, ಚಾ ಕುಡಿಯೂಣು.”

“ಕುಂತೀವಲ್ರಿ ಯಜಮಾನ್ರ” ಅಂದಳು ದುರುಗಕ್ಕ. “ನೀವ ಬರ್ರಿ, ಕುಂದ್ರಿ.”

ಅತ್ತಿತ್ತ ನೋಡಿದರು. ಕುರ್ಚಿ ತರಲು ಒಬ್ಬ ಓಡಿದ. “ಬ್ಯಾಡೋ” ಅಂದರು, ಯಾಕೋ ಏನೋ. ಇಸ್ತ್ರಿ ಪ್ಯಾಂಟು ಮೇಲಕ್ಕೆಳೆದುಕೊಂಡು ಕುಂತರು. ಹೊಲಿಗೆ ಬಿಟ್ಟ ಸದ್ದು ಎಲ್ಲರಿಗೂ ಕೇಳಿತು, ಯಾರೂ ನಗಲಿಲ್ಲ. ಮುಕ್ಕಾಲು ತಾಸು ಮಾತಾಡಿದೆವು. ಕಂಟ್ರಾಕ್ಟರನ ಕಾಗದವನ್ನು ಅಂಜಿನಯ್ಯ ಓದಿದ. ‘ಕುಳಿತು ಕೆಲಸ ಮಾಡಬಲ್ಲವರಿಗೆ’ ಅನ್ನುವಲ್ಲಿ ಹಾಲಸ್ವಾಮಿಯವರು ಚಾಚಿದ ಆ ಐದು ಕಾಲನ್ನು ಒಂದೊಂದಾಗಿ ನೋಡಿದರು.

“ಆತು. ಸಮಾರಂಭ ಮುಂದಕ ಹಾಕ್ತೀನಿ. ಪೆಂಡಾಲಿನವ ಬೈತಾನ, ಬೈಲಿ” ಅಂದರು. ಏಳಲು ಹೋದರು. ಆಗಲಿಲ್ಲ. ಲಿಂಗರಾಜ್ ಒಂದು ಕೈ, ನಾನೊಂದು ಕೈ ಹಿಡಿದು ಎಬ್ಬಿಸಿದೆವು. ಈಗ ಎಲ್ಲರೂ ನಕ್ಕರು.

“ನನಗೊಂದು ಕೊಕ್ಕಿ ಹಾಕ್ರಿ ಮೇಡಮ್ಮಾರೇ” ಅಂದರು ಅವರೂ ನಗುತ್ತಾ.

ಬೇಡಿಕೆ ಪಟ್ಟಿಯ ಹಳೆಯ ಸಾಲು ಹೊಡೆದು ಹಾಕಿ ಕನ್ನಡದಲ್ಲೇ ಬರೆದೆ: ನೆಲದ ಮೇಲೆ ಕುಂದ್ರಬೇಕು, ಯಾರ ಕೈಯನ್ನೂ ಹಿಡಿಯದೆ ಏಳಬೇಕು. ಅವರು ಸಹಿ ಹಾಕಿದರು, ಕೆಳಗೆ ನಾನು.

ಮಾರ್ಚ್ 16, ಗುರುವಾರ

ಈಗ ಗಣಿಯೊಳಗೆ ಬಿಟ್ಟರು. ಕುಂತು ಕೆಲಸ ಮಾಡೋದನ್ನು ಕಣ್ಣಾರೆ ನೋಡಬೇಕಿತ್ತಲ್ಲ, ಬಿಡದೆ ಗತಿ ಇರಲಿಲ್ಲ. ದುರುಗಕ್ಕ ಅದಿರಿನ ರಾಶಿಯ ಮುಂದೆ ನಾಲ್ಕು ತಾಸು ಕುಂತು ಆರಿಸಿದಳು. ಹನ್ನೊಂದು ಸಲ ಎದ್ದಳು, ಹನ್ನೊಂದು ಸಲ ಕುಂತಳು. ಕಂಟ್ರಾಕ್ಟರನ ಮೇಸ್ತ್ರಿ ಗೀಟು ಹಾಕಿ ಎಣಿಸಿದ. ಒಂಬತ್ತನೇ ಸಲಕ್ಕೆ ಅಕ್ಕ ಅವನಿಗೆ, “ನೀನೂ ಒಂದ್ ಸಲ ಕುಂತು ಏಳಪ್ಪಾ, ಗೊತ್ತಾಗ್ಲಿ” ಅಂದಳು. ಸಂಜೆ ಕೀಲು ಬಿಚ್ಚಿ ನೋಡಿದೆ. ಧೂಳಿತ್ತು, ತೊಳೆದೆ, ಹೋಯಿತು. ಪಿನ್ನಿನ ಮೇಲೆ ಒಂದು ಗೆರೆ ಇಲ್ಲ.

ಒಳಗಿನ ಬಟ್ಟಲು ಸ್ವಲ್ಪ ಒತ್ತುತ್ತದಂತೆ. ಸರಿ ಮಾಡಬೇಕು.

ಮಾರ್ಚ್ 23, ಗುರುವಾರ

ಹನ್ನೆರಡು ಕಾಲು ತಯಾರಾಗಿ ಹೋದವು. ಉಳಿದವು ಏಪ್ರಿಲ್ ಮುಗಿಯುವುದರೊಳಗೆ. ಲಿಂಗರಾಜ್ ಯುಗಾದಿಗೂ ಊರಿಗೆ ಹೋಗಲ್ಲ ಅಂತಾನೆ, ಒದ್ದು ಕಳಿಸಬೇಕು.

ಕಂಟ್ರಾಕ್ಟರನ ಉತ್ತರ ಬಂತು. ದುರುಗವ್ವ ಸೋಮವಾರದಿಂದ ಕೆಲಸಕ್ಕೆ ಬರಬಹುದು. ಪತ್ರಿಕೆಯವರನ್ನು ಕರೆಸಿ ಫೋಟೋ ತೆಗೆಸುತ್ತಾನಂತೆ. ಉಳಿದ ಮೂವತ್ಮೂರು ಮಂದಿಯ ವಿಷಯ ‘ಹಂತ ಹಂತವಾಗಿ ಪರಿಶೀಲಿಸಲಾಗುವುದು.’ ಹಂತ ಅಂದರೆ ನಮಗೆ ಗೊತ್ತಿಲ್ಲವಾ? ಇವರ ಮೆಟ್ಟಿಲಿಗೆ ಕೊನೆಯೇ ಇರಲ್ಲ.

ಸಂಘದ ಆಫೀಸಿನಲ್ಲಿ ಅಂಜಿನಯ್ಯ ಕಾಗದ ಓದಿ ಹೇಳಿದ. ಎಲ್ಲರೂ ಅಕ್ಕನನ್ನು ನೋಡಿದರು. ವರ್ಷದ ಮೇಲಾಯಿತು ಆಕೆ ಕೆಲಸ ಬಿಟ್ಟು. ಹೋಗಲಿ ಅಂತ ನನ್ನ ಮನಸ್ಸಿನಲ್ಲಿತ್ತು. ಹೋಗು ಅಂತ ಬಾಯಿಬಿಟ್ಟೂ ಹೇಳಿದೆ.

“ನಾ ಒಬ್ಬಾಕಿ ಕುಂತ್ರ ಅದು ಫೋಟೋ ಆಗ್ತೈತಿ ತಂಗಿ” ಅಂದಳು. “ಎಲ್ಲಾರೂ ಕುಂತ್ರ ಕೆಲಸ ಆಗ್ತೈತಿ. ನಾ ಹೋಗಂಗಿಲ್ಲ.”

ಕಾಗದದ ಹಿಂದೆಯೇ ಉತ್ತರ ಬರೆದೆವು. ಬರೆಯುವ ಕೆಲಸ ನನ್ನದು. ಎಲ್ಲರ ಹೆಸರು, ಕಾಲೆಲ್ಲ ಬಂದ ಮೇಲೆ ಎಲ್ಲರಿಗೂ ಒಂದೇ ದಿನ ಕೆಲಸ, ಮಾತಲ್ಲಿ ಬ್ಯಾಡ, ಬರೆದು ಕೊಡಬೇಕು. ಹೆಬ್ಬೆಟ್ಟು ಒತ್ತುವವರು ಒತ್ತಿದರು, ಸಹಿ ಮಾಡುವವರು ಮಾಡಿದೆವು.

ಮಾರ್ಚ್ 27, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಯಶವಂತನಗರ, ಕಂಟ್ರಾಕ್ಟರ್ ಆಫೀಸು. ನಾನೂ ಸೇರಿ ಮೂವತ್ತೈದು ಮಂದಿ ಹೋಗ್ತೀವಿ.